ಬುರುವಿನ ಬೇಟೆಯೂ ಅಪಾತಾನಿಗಳ ಗದ್ದೆಯೂ

೧೯೪೮ನೆಯ ಇಸವಿಯಲ್ಲಿ ಲಂಡನ್ ನಗರದ ‘ಡೈಲಿ ಮೇಲ್’ ಎಂಬ ವೃತ್ತಪತ್ರಿಕೆಯವರು ಅಸ್ಸಾಮಿನ ಉತ್ತರಕ್ಕಿರುವ ಬೆಟ್ಟಗಳಿಗೆ ಒಂದು ತಂಡವನ್ನು ಕಳುಹಿಸಿದರು. ಆ ಬೆಟ್ಟಗಳ ನಡುವಣ ಜವುಗು ನೆಲದಲ್ಲಿ ‘ಬುರು’ ಎಂಬ ಹೆಸರಿನ ಭಾರಿ ಜಲಜಂತುವೊಂದು ಇನ್ನೂ ಬದುಕಿದೆಯೆಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ರಾಲ್ಫ್ ಇಜ್ಜಾರ್ಡ್ ಎಂಬ ಪತ್ರಿಕಾಲೇಖಕನೂ ಚಾರ್ಲ್ಸ್ ಸ್ಟೋನರ್ ಎಂಬ ಅಧಿಕಾರಿಯೂ ರಿಲೋ ಎಂಬ ಕಣಿವೆಯಲ್ಲಿ ಬೀಡುಬಿಟ್ಟು ಕಾದರು. ಬುರು ಕಾಣಲಿಲ್ಲ. ಕಾಣದ ಜಂತುವನ್ನು ಕುರಿತೇ ೧೯೫೧ರಲ್ಲಿ ಇಜ್ಜಾರ್ಡನು ಒಂದು ಪುಸ್ತಕವನ್ನು ಪ್ರಕಟಿಸಿದನು; ಓದುವವರಿಗೂ ಕೊರತೆಯಾಗಲಿಲ್ಲ.

ಆ ಸುದ್ದಿಯ ಮೂಲವಾವುದೆಂಬುದನ್ನು ವಿಚಾರಿಸಿದರೆ ಸ್ವಾರಸ್ಯವಾದ ಸಂಗತಿಯೊಂದು ಹೊರಬೀಳುತ್ತದೆ. ರಿಲೋವಿಗೆ ದೂರವಲ್ಲದ ಜೀರೋ ಕಣಿವೆಯಲ್ಲಿ ವಾಸಿಸುವ ಅಪಾತಾನಿ ಜನರು, ತಮ್ಮ ಪೂರ್ವಿಕರು ಉತ್ತರದಿಂದ ಬಂದು ಆ ಕಣಿವೆಯನ್ನು ಹೊಕ್ಕಾಗ ಅದು ಬರಿಯ ಜವುಗಾಗಿತ್ತೆಂದೂ, ಅದರೊಳಗೆ ಬುರುಗಳಿದ್ದುವೆಂದೂ, ಪೂರ್ವಿಕರು ನೀರನ್ನು ಹರಿಯಬಿಟ್ಟು ನೆಲವನ್ನು ಗದ್ದೆಮಾಡಿದ ಮೇಲೆ ಅವು ಅಳಿದುವೆಂದೂ ಪರಂಪರೆಯಿಂದ ಹೇಳಿಕೊಂಡು ಬಂದಿದ್ದಾರೆ. ಈ ಕಥೆಯಲ್ಲಿ ಎರಡು ಭಾಗಗಳಿರುವುದನ್ನು ಯಾರೂ ಕಾಣಬಹುದು. ಒಂದು, ಜವುಗಿನಲ್ಲಿದ್ದ ಜಂತು. ಇನ್ನೊಂದು, ಜವುಗನ್ನು ಅನ್ನದ ಪಾತ್ರೆಯನ್ನಾಗಿ ಮಾಡಿದ ಮನುಷ್ಯ. ಮೊದಲನೆಯ ಭಾಗ ನಿಜವೋ ಸುಳ್ಳೋ ಯಾರೂ ಅರಿಯರು. ಎರಡನೆಯದು ಹಗಲಿನಷ್ಟು ನಿಜ. ಆದರೂ ಹಣವೂ ಕುತೂಹಲವೂ ಶಾಯಿಯೂ ವ್ಯಯವಾದದ್ದು ಮೊದಲನೆಯದಕ್ಕೆ. ಗುಡ್ಡಗಾಡಿನ ಜನರ ವಿಷಯದಲ್ಲಿ ವಿದ್ಯಾವಂತರ ದೃಷ್ಟಿ ಎಷ್ಟು ದಿನಗಳಿಂದ ವಕ್ರವಾಗಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ. ಆ ವಕ್ರತೆ ಇಂದಿಗೂ ನೇರವಾಗಿಲ್ಲ; ವೇಷವನ್ನು ಮಾತ್ರ ಬದಲಾಯಿಸಿಕೊಂಡಿದೆ.

ಮೊದಲು ವಸ್ತುಸ್ಥಿತಿಯನ್ನು ತಿಳಿಯತಕ್ಕದ್ದು. ಜೀರೋ ಕಣಿವೆಯು ಇಂದಿನ ಅರುಣಾಚಲ ಪ್ರದೇಶದ ಕೆಳ ಸುಬನ್‌ಸಿರಿ ಜಿಲ್ಲೆಯಲ್ಲಿ, ಸಮುದ್ರಮಟ್ಟದಿಂದ ಐದು ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿದೆ. ಸುತ್ತಲೂ ಕಾಡು ಹೊದ್ದ ಬೆಟ್ಟ. ನಡುವೆ ತಟ್ಟೆಯಂತೆ ಹರಡಿದ ಸಮತಲ. ಅದರ ಮಧ್ಯದಲ್ಲಿ ಕಲೇ ಎಂಬ ಹೊಳೆ. ಹೊಂಗ್, ಹರಿ, ಹಿಜಾ, ದುತ್ತಾ, ಬುಲ್ಲಾ ಮೊದಲಾದ ಹಳ್ಳಿಗಳು ತುಸು ಏರಿದ ನೆಲದ ಮೇಲೆ ಮನೆಗೆ ಮನೆ ತಾಗಿಕೊಂಡು ನಿಂತಿವೆ. ಮನೆಗಳನ್ನು ಹೀಗೆ ಒತ್ತೊತ್ತಾಗಿ ಕಟ್ಟಿದ್ದರಲ್ಲಿ ಒಂದು ವಿವೇಕವುಂಟು: ನೀರು ನಿಲ್ಲಬಲ್ಲ ನೆಲದಲ್ಲಿ ಒಂದು ಗೇಣನ್ನೂ ವಾಸಕ್ಕಾಗಿ ಕಳೆಯಬಾರದೆಂಬುದೇ ಅದು.

ಬೆಟ್ಟದ ತೊರೆಗಳಿಂದ ಇಳಿಯುವ ನೀರನ್ನು ಕಟ್ಟೆಯಿಂದ ತಡೆದು ಕಾಲುವೆಗೆ ತಿರುಗಿಸುತ್ತಾರೆ. ದೊಡ್ಡ ಕಾಲುವೆಯಿಂದ ಸಣ್ಣದಕ್ಕೆ, ಸಣ್ಣದರಿಂದ ಗದ್ದೆಗೆ, ಗದ್ದೆಯಿಂದ ಕೆಳಗಣ ಗದ್ದೆಗೆ ನೀರು ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತದೆ. ಬದುವಿನೊಳಗೆ ಬಿದಿರಿನ ಅಥವಾ ಪೈನ್ ಮರದ ಟೊಳ್ಳು ಕೊಳವೆಯನ್ನು ಹುದುಗಿಸಿ, ಅದನ್ನು ಮುಚ್ಚಿ ತೆರೆದು, ನೀರಿನ ಮಟ್ಟವನ್ನು ಬೇಕಾದಂತೆ ಕಾಯುತ್ತಾರೆ. ಗದ್ದೆಯ ನೆಲ ಏರುತಗ್ಗಾಗಿದ್ದರೆ ಈ ವ್ಯವಸ್ಥೆ ಒಂದು ದಿನವೂ ನಡೆಯದು. ಆದಕಾರಣ ನೆಲವನ್ನು ಸಮಮಾಡುವ ಕೆಲಸ ವರ್ಷ ವರ್ಷವೂ ಆಗುತ್ತದೆ. ಸಂಪ್ರದಾಯದ ಬೇಸಾಯದಲ್ಲಿ ನೇಗಿಲಿಲ್ಲ, ಎತ್ತಿಲ್ಲ. ಗುದ್ದಲಿಯೂ ಮರದ ಸಲಕರಣೆಯೂ ಕೈಕಾಲುಗಳೂ ಎಲ್ಲವನ್ನೂ ನಡಸುತ್ತವೆ. ಒಟ್ಲುಪಾತಿಯಲ್ಲಿ ಬೆಳೆದ ಸಸಿಯನ್ನು ಏಪ್ರಿಲ್ ಮೇ ತಿಂಗಳುಗಳಲ್ಲಿ ಹೆಂಗಸರು ನಾಟಿಮಾಡುತ್ತಾರೆ. ಸೆಪ್ಟೆಂಬರು ಅಕ್ಟೋಬರಿನಲ್ಲಿ ಕೊಯ್ಲು.

ಕನ್ನಡ ನಾಡಿನ ವಾಚಕರಿಗೆ ಒಂದು ಸಂಗತಿ ವಿಶೇಷವಾಗಿ ಹಿಡಿಸೀತು. ಅಪಾತಾನಿಗಳ ಗದ್ದೆಯ ಬದು ಬರಿಯ ಮಣ್ಣಿನ ಗೋಡೆಯಲ್ಲ. ಅದರ ಮೇಲೆ ರಾಗಿಯ ಪೈರು ನಿಂತಿರುತ್ತದೆ. ಹಳೆಯ ಮೈಸೂರಿನ ಒಕ್ಕಲಿಗನು ಹೊಲಕ್ಕೆ ರಾಗಿ, ಗದ್ದೆಗೆ ಬತ್ತ ಎಂದು ನೆಲವನ್ನು ಎರಡಾಗಿ ವಿಂಗಡಿಸಿದನು. ಅಪಾತಾನಿಯು ಒಂದೇ ಗದ್ದೆಯಲ್ಲಿ, ನೀರಿರುವೆಡೆ ಬತ್ತವನ್ನೂ ನೀರಿಲ್ಲದ ಬದುವಿನ ಮೇಲೆ ರಾಗಿಯನ್ನೂ ಬೆಳೆದನು. ರಾಗಿಯ ಬೇರು ಬದುವಿನ ಮಣ್ಣನ್ನು ಹಿಡಿಯುತ್ತದೆ. ಅದರ ತೆನೆ ಮನೆಯ ಮದ್ಯಕ್ಕೂ ಊಟಕ್ಕೂ ಒದಗುತ್ತದೆ. ಇನ್ನು ಗದ್ದೆಯ ನೀರಿನಲ್ಲಿ ಮೀನು. ನಾಟಿಯ ಕಾಲಕ್ಕೆ ಮರಿಗಳನ್ನು ಬಿಡುತ್ತಾರೆ. ಗದ್ದೆಯೊಳಗೆ ತೋಡಿದ ಆಳವಾದ ಕಾಲುವೆ ನೀರಿಳಿದಾಗ ಅವುಗಳಿಗೆ ಆಶ್ರಯ. ಪ್ರತ್ಯೇಕ ಮೇವಿಲ್ಲದೆ, ನೀರಿನಲ್ಲಿ ಹುಟ್ಟುವ ಹುಳುಪಾಚಿಗಳನ್ನು ತಿಂದು ಅವು ಬೆಳೆಯುತ್ತವೆ. ಅವುಗಳ ಮಲ ಪೈರಿಗೆ ಗೊಬ್ಬರ. ಹೀಗೆ ಒಂದು ಗದ್ದೆ ಮೂರು ಫಲಗಳನ್ನು ಕೊಡುತ್ತದೆ.

ಗೊಬ್ಬರದ ವಿಷಯವೂ ಇಷ್ಟೇ ಬುದ್ಧಿಯುಳ್ಳದ್ದು. ಹುಲ್ಲು, ಬೂದಿ, ಹೊಟ್ಟು, ಹಂದಿ ಕೋಳಿಗಳ ಗೊಬ್ಬರ ಗದ್ದೆಗೆ ಹಿಂದಿರುಗುತ್ತವೆ. ಏರಿನ ಮೇಲಿರುವ ಹಳ್ಳಿಯ ಕೊಚ್ಚೆಯನ್ನು ಮಳೆಯ ನೀರು ತೊಳೆದು ಕೆಳಗಣ ಗದ್ದೆಗೆ ಇಳಿಸುತ್ತದೆ. ಆದುದರಿಂದ ಹಳ್ಳಿಯ ಮಗ್ಗುಲಿನ ಸಾರವಾದ ಗದ್ದೆಗೆ ತಡವಾಗಿ ಮಾಗುವ ಬತ್ತ, ದೂರದ ಗದ್ದೆಗೆ ಬೇಗ ಮಾಗುವ ಬತ್ತ ಎಂದು ತಳಿಯನ್ನು ನೆಲದ ಸಾರಕ್ಕೆ ತಕ್ಕಂತೆ ಆರಿಸುತ್ತಾರೆ. ಹಳ್ಳಿಯ ಸುತ್ತ ಬಿದಿರಿನ ತೋಪು, ಪೈನ್ ಮರದ ತೋಪು; ಅವುಗಳನ್ನು ನೆಟ್ಟು ಬೇಲಿಕಟ್ಟಿ ಸಾಕುತ್ತಾರೆ. ಅದರಾಚೆಯ ಬೆಟ್ಟದ ಕಾಡು ಬಳಿಗಳಿಗೂ ಹಳ್ಳಿಗಳಿಗೂ ಸೇರಿದ್ದು. ಮನಬಂದಂತೆ ಕಡಿಯುವುದಕ್ಕೆ ಎಡೆಯಿಲ್ಲ. ಕಾಡು ಬೋಳಾದರೆ ತೊರೆ ಬತ್ತುತ್ತದೆ, ತೊರೆ ಬತ್ತಿದರೆ ಗದ್ದೆ ಒಣಗುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿಯಲಿಲ್ಲ.

ಇಷ್ಟನ್ನು ಕೇಳಿಯೂ, “ಎಲ್ಲವೂ ಸರಿಯೇ; ಆದರೆ ನೇಗಿಲನ್ನೇ ಅರಿಯದ ಬೇಸಾಯವನ್ನು ಮುಂದುವರಿದದ್ದೆಂದು ಹೇಗೆ ಕರೆಯುವುದು?” ಎಂದು ಆಕ್ಷೇಪಿಸುವವರುಂಟು. ಶಾಲೆಯ ಪಾಠದಲ್ಲಿ ಮನುಷ್ಯನು ಬೇಟೆಯಿಂದ ದನಸಾಕಣೆಗೂ, ಅಲ್ಲಿಂದ ಗುದ್ದಲಿಗೂ, ಗುದ್ದಲಿಯಿಂದ ನೇಗಿಲಿಗೂ, ನೇಗಿಲಿನಿಂದ ಯಂತ್ರಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಏರಿದನೆಂದು ಕಲಿಸುವುದುಂಟಷ್ಟೆ. ಈ ಮೆಟ್ಟಿಲಿನ ಲೆಕ್ಕದಲ್ಲಿ ಅಪಾತಾನಿಯು ಎಲ್ಲೋ ಕೆಳಗೆ ನಿಲ್ಲಬೇಕಾಗುತ್ತದೆ. ಆದರೆ ಬೇಸಾಯದ ಯೋಗ್ಯತೆಯನ್ನು ಉಪಕರಣದಿಂದ ಅಳೆಯುವುದು, ಅಡಿಗೆಯ ರುಚಿಯನ್ನು ಪಾತ್ರೆಯ ಬೆಲೆಯಿಂದ ಅಳೆದಂತೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪಿ. ಎಸ್. ರಾಮಕೃಷ್ಣನ್ ಎಂಬ ವಿಜ್ಞಾನಿಯೂ ಅವರ ಸಹೋದ್ಯೋಗಿಯೂ ಅಪಾತಾನಿಗಳ ಹಳ್ಳಿಯೊಂದರಲ್ಲಿ ಹೂಡಿದ ಶಕ್ತಿಯೆಷ್ಟು, ಬಂದ ಶಕ್ತಿಯೆಷ್ಟು ಎಂಬ ಆಯವ್ಯಯವನ್ನು ಎಣಿಸಿ ೧೯೯೦ರಲ್ಲಿ ಪ್ರಕಟಿಸಿದರು. ಹೂಡಿದ್ದಕ್ಕಿಂತ ಬಂದದ್ದು ಎಷ್ಟೋ ಪಾಲು ಅಧಿಕವೆಂಬುದು ಆ ಲೆಕ್ಕದಿಂದ ಸ್ಪಷ್ಟವಾಯಿತು. ಹೊರಗಿನಿಂದ ಎಣ್ಣೆಯನ್ನೂ ಗೊಬ್ಬರವನ್ನೂ ಕೊಂಡು ತಂದು ಸುರಿಯುವ ಬೇಸಾಯವು ಈ ತಕ್ಕಡಿಯಲ್ಲಿ ನಿಲ್ಲಲಾರದು. ಹಾಗಿರುವಾಗ ಹಿಂದುಳಿದವರು ಯಾರೆಂಬ ಪ್ರಶ್ನೆಗೆ ಉತ್ತರವನ್ನು ಆಕ್ಷೇಪಕರೇ ಹೇಳಲಿ.

“ರಾಸಾಯನಿಕ ಗೊಬ್ಬರವನ್ನೂ ಕೀಟನಾಶಕವನ್ನೂ ಕೊಟ್ಟರೆ ಬತ್ತ ಇನ್ನೂ ಹೆಚ್ಚಾಗದೆ?” ಎಂಬುದು ಎರಡನೆಯ ಆಕ್ಷೇಪ. ಬತ್ತವೊಂದನ್ನೇ ಎಣಿಸಿದರೆ ಕೆಲವು ವರ್ಷ ಹೆಚ್ಚಾಗಲೂಬಹುದು. ಆದರೆ ಕೀಟವನ್ನು ಕೊಲ್ಲುವ ವಿಷ ಮೀನನ್ನು ಉಳಿಸುವುದೆ? ಒಂದು ಗದ್ದೆಯ ವಿಷ ಕೊಳವೆಯ ಮೂಲಕ ಕೆಳಗಣ ಗದ್ದೆಗೆ ಇಳಿಯದಿರುವುದೆ? ಮೂರು ಫಲಗಳ ಗದ್ದೆಯನ್ನು ಒಂದು ಫಲದ ಅಳತೆಗೋಲಿನಿಂದ ಅಳೆದು, ಎರಡನ್ನು ಕಳೆದು, ಉಳಿದೊಂದು ತುಸು ಹೆಚ್ಚಾಯಿತೆಂದು ಹಿಗ್ಗುವವನು ಲೆಕ್ಕವನ್ನು ಅರಿತವನಲ್ಲ.

ಅಪಾತಾನಿಗಳು ಹೊಸದನ್ನು ಒಲ್ಲದ ಜನರೆಂದು ಇದರಿಂದ ಯಾರೂ ಭಾವಿಸಕೂಡದು. ಈಗ ಅವರ ಗದ್ದೆಯಲ್ಲಿ ಆಡುವ ಸಾಮಾನ್ಯ ಗೆಂಡೆಮೀನು ಅನಾದಿಯಿಂದ ಬಂದದ್ದಲ್ಲ. ೧೯೬೦ರ ದಶಕದಲ್ಲಿ ಸರ್ಕಾರದ ಮೀನುಗಾರಿಕೆಯವರು ಕೊಟ್ಟದ್ದು. ಬೇಸಾಯಕ್ಕೆ ಹೊಂದುವುದೆಂದು ಕಂಡೊಡನೆ ಅದನ್ನು ಒಪ್ಪಿದರು. ಒಪ್ಪಿ ತಮ್ಮದನ್ನಾಗಿಯೇ ಮಾಡಿಕೊಂಡರು. ಹಳ್ಳಿ ಹಳ್ಳಿಯೂ ಪ್ರತ್ಯೇಕವಾಗಿ ನಡಸುತ್ತಿದ್ದ ದ್ರೀ ಎಂಬ ಆರಾಧನೆಯನ್ನು ೧೯೬೭ರಿಂದ ಎಲ್ಲ ಹಳ್ಳಿಗಳೂ ಸೇರಿ ಜುಲೈ ೫ರಂದು ಒಟ್ಟಾಗಿ ಆಚರಿಸುವಂತೆ ಏರ್ಪಡಿಸಿಕೊಂಡರು. ಪೈರನ್ನು ಹುಳುಹುಪ್ಪಟೆಗಳಿಂದ ಕಾಯಬೇಕೆಂದು ತಾಮು, ಮೇತಿ, ದಾನ್ಯಿ ಎಂಬ ದೈವಗಳನ್ನು ಬೇಡುವ ಹಬ್ಬವಿದು. ಬಂದವರಿಗೆ ಸೌತೆಕಾಯಿ ಹಂಚುವರು. ಹೊಸ ಮೀನನ್ನೂ ಹಬ್ಬದ ಹೊಸ ಕ್ರಮವನ್ನೂ ಬರಮಾಡಿಕೊಂಡ ಜನರನ್ನು ಜಡರೆನ್ನುವುದು ಅನ್ಯಾಯ. ಹೊಂದುವ ಹೊಸದನ್ನು ಕೊಳ್ಳುವುದೂ ಹೊಂದದುದನ್ನು ಬಿಡುವುದೂ ವಿವೇಕದ ಲಕ್ಷಣವಲ್ಲದೆ ಮತ್ತೇನು?

ಮೂರನೆಯ ಪಕ್ಷದವರು ಅಪಾತಾನಿಗಳನ್ನು ಬಾಯ್ತುಂಬ ಹೊಗಳುವವರು. ಆ ಹೊಗಳಿಕೆಯನ್ನು ನೆರೆಹೊರೆಯವರ ಬೆನ್ನಿಗೆ ಬಾರುಕೋಲನ್ನಾಗಿ ಮಾಡಿಕೊಳ್ಳುವುದು ಅವರ ಪದ್ಧತಿ. “ಅಪಾತಾನಿಗಳು ನೀರು ನಿಲ್ಲಿಸಿ ಬೆಳೆಯುತ್ತಾರೆ, ಸುತ್ತಲ ನಿಶಿ ಮೊದಲಾದವರು ಕಾಡು ಸುಟ್ಟು ಕುಮರಿ ಮಾಡುತ್ತಾರೆ, ಇವರನ್ನು ನೋಡಿ ಅವರು ಕಲಿಯಬಾರದೆ?” ಎಂದು ಅವರು ಕೇಳುತ್ತಾರೆ. ಜೀರೋ ಕಣಿವೆಯಂಥ ಸಮತಲ ಆ ಬೆಟ್ಟಗಳಲ್ಲಿ ಎಷ್ಟಿವೆ ಎಂಬುದನ್ನು ಮೊದಲು ಎಣಿಸಬೇಡವೆ? ಕಡಿದಾದ ಇಳುಕಲಿನಲ್ಲಿ ನೀರನ್ನು ನಿಲ್ಲಿಸುವುದು ಮಾತಿನಷ್ಟು ಸುಲಭವಲ್ಲ. ಅಲ್ಲದೆ, ೧೯೪೪ರಲ್ಲಿ ಭಾರತ ಸರ್ಕಾರದ ವಿಶೇಷಾಧಿಕಾರಿಯಾಗಿ ಅಲ್ಲಿಗೆ ಹೋಗಿ ಈ ಜನರ ವಿಷಯವನ್ನು ಲೋಕಕ್ಕೆ ವಿಶದವಾಗಿ ತಿಳಿಸಿದ ಮಾನವಶಾಸ್ತ್ರಜ್ಞ ಕ್ರಿಸ್ಟೋಫ್ ಫಾನ್ ಫ್ಯೂರರ್ ಹೈಮನ್‌ಡಾರ್ಫರು ಕಂಡಂತೆ, ಕಣಿವೆಯೂ ಬೆಟ್ಟವೂ ಒಂದನ್ನೊಂದು ಆಶ್ರಯಿಸಿದ್ದುವು. ಅಪಾತಾನಿಗಳ ಹೆಚ್ಚಳದ ಬತ್ತ ನಿಶಿಗಳ ಮನೆಗೆ ಹೋಗುತ್ತಿತ್ತು. ನಿಶಿಗಳ ಮಿಥುನ್ ದನವೂ ಹಂದಿಯೂ ಹತ್ತಿಯೂ ಅಪಾತಾನಿಗಳಿಗೆ ಬರುತ್ತಿದ್ದುವು. ಗದ್ದೆ ನೆಲಕ್ಕೆ ಮಿಥುನ್ ದನಗಳೇ ಬೆಲೆ. ಒಬ್ಬನನ್ನು ಹೊಗಳಿ ಇನ್ನೊಬ್ಬನನ್ನು ತೆಗಳುವವರು ಈ ಕೊಡುಕೊಳೆಯ ಸಂಬಂಧವನ್ನೇ ಮರೆಯುತ್ತಾರೆ.

ನಾಲ್ಕನೆಯ ಪಕ್ಷ ಇವೆಲ್ಲಕ್ಕಿಂತ ನಯವಾದದ್ದು, ಆದಕಾರಣವೇ ಹೆಚ್ಚು ಅಪಾಯಕರವಾದದ್ದು. ಅಪಾತಾನಿಗಳ ಸಾಂಸ್ಕೃತಿಕ ಭೂದೃಶ್ಯವೆಂಬ ಹೆಸರಿನಿಂದ ಈ ಕಣಿವೆಯು ೨೦೧೪ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಗೌರವವು ಗೌರವವೇ, ಅದನ್ನು ಹಳಿಯಬೇಕಾದುದಿಲ್ಲ. ಆದರೆ ‘ಭೂದೃಶ್ಯ’ವೆಂಬ ಮಾತಿನಲ್ಲಿಯೇ ಒಂದು ಮೋಸವಡಗಿದೆ. ದೃಶ್ಯವೆಂದರೆ ನೋಡತಕ್ಕದ್ದು, ಗದ್ದೆಯಾದರೋ ಮಾಡತಕ್ಕದ್ದು. ಹಸುರು ಗದ್ದೆ, ಬೆಳ್ಳಗಿನ ಮಂಜು, ಬಿದಿರಿನ ಮನೆ, ಇವುಗಳ ಚಿತ್ರವನ್ನು ತೆಗೆದುಕೊಂಡು ಹೋಗುವ ಪ್ರವಾಸಿಗೆ, ಬೇಸಾಯಕ್ಕೆ ಮುನ್ನ ಕಾಲುವೆಯ ಹೂಳೆತ್ತಿದವರು ಯಾರೆಂಬುದು ತಿಳಿಯದು. ಒಂದು ಕಾಲುವೆಯ ನೀರನ್ನುಣ್ಣುವ ಗದ್ದೆಗಳವರೆಲ್ಲ ಕೂಡಿ ಅದನ್ನು ನೇರ್ಪಡಿಸುತ್ತಾರೆ. ಪತಾಂಗ್ ಎಂಬ ತರುಣ ತರುಣಿಯರ ಗುಂಪು ಇಂದು ಒಬ್ಬರ ಗದ್ದೆಗೆ, ನಾಳೆ ಇನ್ನೊಬ್ಬರ ಗದ್ದೆಗೆ ಸರದಿಯಂತೆ ಇಳಿಯುತ್ತದೆ. ಜಗಳ ಬಂದರೆ ಬುಲಿಯಾಂಗ್ ಎಂಬ ಹಿರಿಯರು ತೀರ್ಮಾನಿಸುತ್ತಾರೆ. ಗದ್ದೆಯೆಂಬುದು ಮಣ್ಣು ನೀರುಗಳ ರಾಶಿಯಲ್ಲ. ಮಾತಿಗೆ ತಪ್ಪದ ಜನರ ಒಡಂಬಡಿಕೆ. ಒಡಂಬಡಿಕೆ ಸಡಿಲಿದರೆ ಪಟ್ಟಿಯಲ್ಲಿರುವ ಹೆಸರು ನೀರನ್ನು ಹರಿಸಲಾರದು.

ಹಾಗೆಂದು ಹಳೆಯದೆಲ್ಲವೂ ಚೆನ್ನಾಗಿತ್ತೆಂದು ವಾದಿಸುವುದು ಸತ್ಯಕ್ಕೆ ದ್ರೋಹ. ಅಪಾತಾನಿಗಳಲ್ಲಿ ಮೇಲಿನವರು, ದಾಸಸಂತತಿಯವರು ಎಂಬ ಎರಡು ವರ್ಗಗಳಿದ್ದುವು. ಹೈಮನ್‌ಡಾರ್ಫರೇ ಇದನ್ನು ಬರೆದಿಟ್ಟಿದ್ದಾರೆ. ಗದ್ದೆಯ ಕೆಸರಿನಲ್ಲಿ ನಿಂತವರೆಲ್ಲರೂ ಸ್ವೇಚ್ಛೆಯಿಂದ ನಿಂತವರಾಗಿರಲಿಲ್ಲ. ನಾಟಿಯಲ್ಲಿಯೂ ಕಳೆಯಲ್ಲಿಯೂ ಬೆನ್ನು ಬಗ್ಗಿಸಿದವರು ಬಹುಮಟ್ಟಿಗೆ ಹೆಂಗಸರು. ಅವರ ಮಕ್ಕಳು ಶಾಲೆಗೆ ಹೋಗಿ, ಅಧಿಕಾರಿಗಳೂ ವೈದ್ಯರೂ ಉಪಾಧ್ಯಾಯರೂ ಆಗಿ ಕೆಸರಿನಿಂದ ಮೇಲೆದ್ದರೆ ಅದನ್ನು ನಾಶವೆಂದು ಕರೆಯುವ ಹಕ್ಕು ದೂರದ ಪಟ್ಟಣದಲ್ಲಿ ಬೀಸಣಿಗೆಯ ಕೆಳಗೆ ಕುಳಿತವರಿಗಿಲ್ಲ. ತಮ್ಮ ಮಕ್ಕಳನ್ನು ಇಂಜಿನಿಯರುಗಳನ್ನಾಗಿ ಮಾಡಿ, ಪರರ ಮಕ್ಕಳು ಗುದ್ದಲಿಯನ್ನು ಬಿಡಬಾರದೆಂದು ಉಪದೇಶಿಸುವುದು ಪರಂಪರೆಯ ಪ್ರೇಮವೆನಿಸದು. ಅದು ಪರರ ಬೆವರಿನಲ್ಲಿ ತನ್ನ ಕಣ್ಣನ್ನು ತಣಿಸಿಕೊಳ್ಳುವ ಲೋಭ.

ಹಾಗಾದರೆ ಗಂಡಾಂತರವಿರುವುದೆಲ್ಲಿ? ಅದು ವಿಷದಲ್ಲಿಯೂ ಪ್ರವಾಸಿಯಲ್ಲಿಯೂ ಇರುವುದಕ್ಕಿಂತ ಹೆಚ್ಚಾಗಿ ಲೆಕ್ಕಾಚಾರದಲ್ಲಿದೆ. ಸಂಬಳದ ಕೆಲಸ ದೊರೆತವನಿಗೆ ಗದ್ದೆಯ ದುಡಿಮೆ ಹೊರೆಯೆನಿಸುತ್ತದೆ. ನ್ಯಾಯಬೆಲೆಯ ಅಂಗಡಿಯ ಅಕ್ಕಿ ಬಯಲುಸೀಮೆಯಿಂದ ಬಂದು ಕೈಗೆಟಕುತ್ತದೆ. ಹಪೋಲಿ ಎಂಬ ಪೇಟೆ ಬೆಳೆದಂತೆಲ್ಲ ಸಮತಲಕ್ಕೆ ಮನೆಯ ನಿವೇಶನದ ಬೆಲೆ ಬರುತ್ತದೆ. ಆಗ ಒಬ್ಬನು ತನ್ನ ಗದ್ದೆಗೆ ಮಣ್ಣು ತುಂಬಿ ಮನೆಯನ್ನೋ ಅಂಗಡಿಯನ್ನೋ ಕಟ್ಟುತ್ತಾನೆ. ನೆಲ ಅವನದೇ, ಕಾಯಿದೆಯ ಮಾತು ಅಲ್ಲಿಗೆ ಮುಗಿಯಿತು. ಆದರೆ ನೀರು? ಅವನ ಗದ್ದೆಯ ಕೊಳವೆಯಿಂದ ಕೆಳಗಣವನ ಗದ್ದೆಗೆ ಇಳಿಯಬೇಕಾಗಿದ್ದ ನೀರು ಎಲ್ಲಿ ಹೋಗಬೇಕು? ಒಬ್ಬನು ಮಾರಿದ್ದು ತನ್ನ ಗದ್ದೆಯನ್ನು. ಬತ್ತಿದ್ದು ಕೆಳಗಿನ ಹತ್ತು ಜನರ ಗದ್ದೆ. ಅವರು ಒಬ್ಬೊಬ್ಬರಾಗಿ ಸೋತು ಕೈಬಿಟ್ಟಾಗ ಕಾಲುವೆಯ ಹೂಳೆತ್ತುವವರಿಲ್ಲ. ಹೂಳೆತ್ತದ ಕಾಲುವೆ ಇನ್ನೂ ಕೆಳಗಿನವರನ್ನು ಸೋಲಿಸುತ್ತದೆ. ಹೀಗೆ ಯಾವೊಬ್ಬನೂ ಪಾಪವನ್ನೆಸಗದೆಯೇ ಶತಮಾನಗಳ ಕೆಲಸ ಕಡಿದು ಬೀಳಬಹುದು.

ಹಳೆಯ ಮೈಸೂರಿನ ಹಳ್ಳಿಗಳು ಈ ಕಥೆಯನ್ನು ಬೇರೊಂದು ರೂಪದಲ್ಲಿ ಬಲ್ಲವು. ತೂಬನ್ನು ತೆರೆದು ಮುಚ್ಚಿ, ಕೆರೆಯ ನೀರನ್ನು ಗದ್ದೆ ಗದ್ದೆಗೂ ಹಂಚುತ್ತಿದ್ದ ನೀರುಗಂಟಿಯ ಕೆಲಸ ಹಲವೆಡೆ ನಿಂತುಹೋಯಿತು; ಕೆರೆ ಊರವರದೆಂಬ ಭಾವನೆಯೂ ಅದರೊಡನೆಯೇ ಹೋಯಿತು; ಆಮೇಲೆ ಹೂಳು ತುಂಬಿತು, ಒತ್ತುವರಿಯೂ ಆಯಿತು. ಏರಿ ಒಡೆಯುವುದಕ್ಕೆ ಮುಂಚೆಯೇ ಕಟ್ಟು ಒಡೆದಿತ್ತು. ಜೀರೋ ಕಣಿವೆಯಲ್ಲಿ ಕಟ್ಟು ಇನ್ನೂ ಪೂರ್ತಿಯಾಗಿ ಒಡೆದಿಲ್ಲ. ಆದುದರಿಂದಲೇ ಈ ಮಾತನ್ನು ಈಗ ಆಡಬೇಕಾಗಿದೆ.

ವೆರಿಯರ್ ಎಲ್ವಿನ್ ಅವರು ಆ ಈಶಾನ್ಯ ಗಡಿಸೀಮೆಯ ಆಡಳಿತವನ್ನು ಕುರಿತು ೧೯೫೭ರಲ್ಲಿ ಬರೆದ ಗ್ರಂಥವೂ, ಅದಕ್ಕೆ ಪಂಡಿತ ನೆಹರೂ ಅವರು ಬರೆದ ಮುನ್ನುಡಿಯೂ, ಗುಡ್ಡಗಾಡಿನ ಜನರು ತಮ್ಮ ಸ್ವಭಾವಕ್ಕೆ ಒಪ್ಪಿದ ದಾರಿಯಲ್ಲಿ ಮುಂದುವರಿಯಬೇಕೆಂಬ ತತ್ತ್ವವನ್ನು ಸಾರಿದುವು. ತತ್ತ್ವವನ್ನು ಎಲ್ಲರೂ ಹೊಗಳಿದರು. ಈ ತತ್ತ್ವಕ್ಕೆ ಕಣಿವೆಯಲ್ಲಿ ಅರ್ಥವಿರಬೇಕಾದರೆ ಮೂರು ಕೆಲಸಗಳು ಆಗಬೇಕು. ಮೊದಲನೆಯದಾಗಿ, ನೀರು ಹರಿಯುವ ನೆಲದಲ್ಲಿ ಕಟ್ಟಡವೇಳಬಹುದೆ ಬಾರದೆ ಎಂಬುದನ್ನು ನೆಲದೊಡೆಯನೊಬ್ಬನೇ ಅಲ್ಲದೆ, ಅದೇ ಕಾಲುವೆಯ ನೀರನ್ನುಣ್ಣುವವರೆಲ್ಲರೂ ಕೂಡಿ ನಿರ್ಣಯಿಸುವಂತಾಗಬೇಕು. ಆ ನಿರ್ಣಯಕ್ಕೆ ಕಾಯಿದೆಯ ಬಲವಿರಬೇಕು. ಎರಡನೆಯದಾಗಿ, ಕಚೇರಿಗಳಿಗೂ ಪೇಟೆಗೂ ಬೇಕಾದ ನೆಲವನ್ನು ಗದ್ದೆಯಿಂದ ಕೀಳದೆ ಏರುನೆಲದಲ್ಲಿ ಹುಡುಕಬೇಕು. ಸಾವಿರ ಮನೆಗಳನ್ನು ಒತ್ತಿಕಟ್ಟಿ ಗದ್ದೆಯನ್ನುಳಿಸಿದ ಹಿರಿಯರ ವಿವೇಕ ಸರ್ಕಾರಕ್ಕೂ ಅಸಾಧ್ಯವಾಗಬಾರದು. ಮೂರನೆಯದಾಗಿ, ಅಪಾತಾನಿ ರೈತನ ಬತ್ತಕ್ಕೂ ಮೀನಿಗೂ ರಾಗಿಗೂ ಅವನ ದುಡಿಮೆಗೆ ತಕ್ಕ ಬೆಲೆ ಸಿಗಬೇಕು. ಹೊಟ್ಟೆ ತುಂಬಿಸದ ಕೀರ್ತಿಗಾಗಿ ಯಾರೂ ಕೆಸರಿನಲ್ಲಿ ನಿಲ್ಲರು. ನಿಲ್ಲಬೇಕೆಂದು ಕೇಳುವುದೂ ಧರ್ಮವಲ್ಲ.

ಬುರುವನ್ನು ಹುಡುಕಿಹೋದವರಿಗೆ ಅದು ಸಿಕ್ಕಲಿಲ್ಲವೆಂದು ಲೋಕ ಏನನ್ನೂ ಕಳೆದುಕೊಳ್ಳಲಿಲ್ಲ. ಗದ್ದೆ ಅಳಿದ ಮೇಲೆ ಅದನ್ನು ಹುಡುಕಿಹೋಗುವವರಿಗೆ ಅದು ಸಿಕ್ಕದಿದ್ದರೆ ಆಗುವ ನಷ್ಟ ಅಂಥದ್ದಲ್ಲ. ಜವುಗನ್ನು ಗದ್ದೆಮಾಡುವುದಕ್ಕೆ ಎಷ್ಟು ತಲೆಮಾರು ಬೇಕಾಯಿತೋ ಎಣಿಸಿದವರಿಲ್ಲ. ಗದ್ದೆಯನ್ನು ಮುಚ್ಚುವುದಕ್ಕೆ ಒಂದು ತಲೆಮಾರು ಸಾಕು. ಆ ತಲೆಮಾರು ಈಗಿನದಾಗದಿರಲಿ.